ಮನೆ ಡೇಕೇರ್ ತರಬೇತಿ: ಯಾವುದು ಆನ್‌ಲೈನಲ್ಲಿ ಆಗುತ್ತದೆ, ಯಾವುದಕ್ಕೆ ದುಡ್ಡು ಬೇಕು

ಡೇಕೇರ್ ಶುರು ಮಾಡಬೇಕು ಎಂಬ ಹುಳ ತಲೆಗೆ ಹೊಕ್ಕ ವಾರದಲ್ಲೇ ನಾನು ಒಂದು ಸರ್ಟಿಫಿಕೇಟ್ ಕೊಂಡುಬಿಟ್ಟೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಮೊದಲು ಕಣ್ಣಿಗೆ ಬಿದ್ದ ಸೈಟಿನಲ್ಲಿ ಮಕ್ಕಳ ಸಿಪಿಆರ್, ಅಂದರೆ ಎದೆಬಡಿತ ನಿಂತಾಗ ಎದೆ ಒತ್ತಿ ಉಸಿರು ಊದುವ ವಿಧಾನ, ಅದರ ಕೋರ್ಸ್ ಇತ್ತು. ಅಗ್ಗ. ಮುಕ್ಕಾಲು ಗಂಟೆ ವಿಡಿಯೋ, ಕೊನೆಗೆ ಒಂದಷ್ಟು ಪ್ರಶ್ನೆ, ತಪ್ಪಾದರೆ ಮತ್ತೆ ಒತ್ತಬಹುದು. ಹನ್ನೊಂದು ಗಂಟೆಗೆ ಬಣ್ಣದ ಪ್ರಿಂಟ್ ತೆಗೆದು ಫ್ರಿಜ್‌ಗೆ ಅಂಟಿಸಿದೆ. ಬೆಳಿಗ್ಗೆ ನಮ್ಮ ಯಜಮಾನರು ನೋಡಿ "ಅಷ್ಟು ಬೇಗ ಮುಗಿದೇ ಹೋಯ್ತಾ?" ಎಂದರು. ಮುಗಿದಿರಲಿಲ್ಲ. ಅರ್ಜಿಯ ಜೊತೆ ಕಳಿಸಿದ ಆ ಕಾಗದ ಹೋದ ದಾರಿಯಲ್ಲೇ ವಾಪಸ್ ಬಂತು. ಬೊಂಬೆಯ ಎದೆ ಒತ್ತಿ ತೋರಿಸದೆ ಪಡೆದ ಸಿಪಿಆರ್ ಕಾರ್ಡ್ ಕ್ಯಾಲಿಫೋರ್ನಿಯಾದಲ್ಲಿ ಡೇಕೇರ್ ಲೈಸೆನ್ಸ್‌ಗೆ ನಡೆಯುವುದಿಲ್ಲ.

ಈಗ ಯಾರಾದರೂ ಫೋನ್ ಮಾಡಿ "ಅಕ್ಕಾ, ಕಡಿಮೆ ದುಡ್ಡಲ್ಲಿ ಟ್ರೈನಿಂಗ್ ಎಲ್ಲಿ ಸಿಗತ್ತೆ?" ಎಂದರೆ ನಾನು ತಿರುಗಿ ಕೇಳುವುದು ಒಂದೇ. ಆ ಸರ್ಟಿಫಿಕೇಟನ್ನು ಒಪ್ಪುವವರು ಯಾರು? ಅಗ್ಗವೋ ದುಬಾರಿಯೋ ಎನ್ನುವುದು ಆಮೇಲಿನ ಮಾತು. ಒಪ್ಪದ ಕಾಗದಕ್ಕೆ 10 ಡಾಲರ್ ಕೊಟ್ಟರೂ ಅದು ದುಬಾರಿಯೇ.

ಇಂಥ ಫೋನುಗಳಿಗೆ ನಮ್ಮ ಕಡೆ ಬರವಿಲ್ಲ. 2015ರ ಮೇ ತಿಂಗಳಲ್ಲಿ ಎಚ್‌4 ವೀಸಾದ, ಅಂದರೆ ಇಲ್ಲಿ ಎಚ್‌1ಬಿ ವೀಸಾದಲ್ಲಿ ಕೆಲಸ ಮಾಡುವವರ ಗಂಡ ಹೆಂಡತಿಯರ ಪೈಕಿ, ಕೆಲವರಿಗೆ ಕೆಲಸದ ಅನುಮತಿ, ಅಂದರೆ ಇಎಡಿ, ಸಿಗಲು ಶುರುವಾಯಿತಲ್ಲ, ಆಮೇಲೆ ನನಗೆ ಗೊತ್ತಿರುವ ಕನ್ನಡದವರಲ್ಲೇ ನಾಲ್ಕೈದು ಜನ ಮನೆಯಲ್ಲಿ ಡೇಕೇರ್ ಶುರು ಮಾಡಿದ್ದಾರೆ. ಫ್ರೀಮಾಂಟ್, ಸನ್ನಿವೇಲ್, ಡಬ್ಲಿನ್ ಕಡೆ ಮಗುವಿಗೆ ಮಧ್ಯಾಹ್ನ ಅನ್ನ ಸಾರು ತಿನ್ನಿಸಿ ಕನ್ನಡದಲ್ಲೇ ಮಾತಾಡಿಸುವವರಿಗೆ ಬೇಡಿಕೆ ಇದ್ದೇ ಇದೆ. ಕೋರ್ಸ್ ಕಲಿಯಲು ಇಎಡಿ ಬೇಡ. ದುಡ್ಡು ತೆಗೆದುಕೊಂಡು ಮಗು ನೋಡಿಕೊಳ್ಳಲು ಮಾತ್ರ ಬೇಕೇ ಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಲೈಸೆನ್ಸ್ ಯಾರಿಗೆ ಬೇಕು ಎನ್ನುವುದು ಸುಲಭ. ನಿಮ್ಮ ಮಕ್ಕಳ ಜೊತೆ ಇನ್ನೊಂದೇ ಒಂದು ಮನೆಯ ಮಕ್ಕಳನ್ನು ನೋಡಿಕೊಂಡರೆ ಕ್ಯಾಲಿಫೋರ್ನಿಯಾದಲ್ಲಿ ಬೇಡ. ಎರಡನೇ ಮನೆಯ ಮಗು ಬಂತೋ, ಬೇಕು. ಸಣ್ಣ ಮನೆ ಡೇಕೇರ್ ಅಂದರೆ, ಕೆಲವು ಷರತ್ತುಗಳ ಮೇಲೆ, ಹೆಚ್ಚೆಂದರೆ 8 ಮಕ್ಕಳು. ದೊಡ್ಡದಾದರೆ ಸಹಾಯಕಿಯನ್ನು ಇಟ್ಟುಕೊಂಡು 14ರ ತನಕ ಹೋಗಬಹುದು. ನಿಮ್ಮ ಮನೆಯಲ್ಲೇ ಇರುವ 10 ವರ್ಷದೊಳಗಿನ ಮಕ್ಕಳೂ ಈ ಲೆಕ್ಕದಲ್ಲಿ ಸೇರುತ್ತಾರೆ. ಇದು ಗೊತ್ತಿಲ್ಲದೆ "ನಂದು ಎರಡು, ಹೊರಗಿನವು ಎಂಟು" ಎಂದು ಹೊರಟವರನ್ನು ನೋಡಿದ್ದೇನೆ.

ಇಷ್ಟೆಲ್ಲ ತರಬೇತಿ ಯಾಕೆ?

ಅಮೆರಿಕದಲ್ಲಿ ಡೇಕೇರ್ ಲೈಸೆನ್ಸ್ ಕೊಡುವುದು ರಾಜ್ಯಗಳು. ಹಾಗಾಗಿ ಒಂದೊಂದು ರಾಜ್ಯದ್ದು ಒಂದೊಂದು ತಾಳ. ಆದರೂ ವಿಷಯಗಳು ಮಾತ್ರ ಎಲ್ಲ ಕಡೆ ಹೆಚ್ಚೂಕಡಿಮೆ ಒಂದೇ. ಕಾರಣ ಕೇಂದ್ರ ಸರ್ಕಾರದ ಹಣ. ಬಡ ಕುಟುಂಬಗಳ ಡೇಕೇರ್ ಖರ್ಚಿಗೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಅನುದಾನ ಕೊಡುತ್ತದೆ. 2014ರಲ್ಲಿ ಆ ಕಾನೂನನ್ನು ನವೀಕರಿಸಿದಾಗ ಒಂದು ಷರತ್ತು ಸೇರಿಸಿದರು. ಈ ಹಣ ಪಡೆಯುವವರ ಕೈಗೆ ಮಕ್ಕಳನ್ನು ಕೊಡುವುದಾದರೆ ಅವರಿಗೆ ಆರೋಗ್ಯ ಮತ್ತು ಸುರಕ್ಷತೆಯ ತರಬೇತಿ ಆಗಿರಬೇಕು. ಕೂಸನ್ನು ಮಲಗಿಸುವ ಕ್ರಮ, ಔಷಧಿ ಕೊಡುವ ಕ್ರಮ, ಆಹಾರದ ಅಲರ್ಜಿ, ಸೋಂಕು, ಲಸಿಕೆ, ಮಗುವನ್ನು ಜೋರಾಗಿ ಅಲುಗಾಡಿಸಿದರೆ ಮೆದುಳಿಗೆ ಆಗುವ ಪೆಟ್ಟು, ಬೆಂಕಿ ಭೂಕಂಪಕ್ಕೆ ತಯಾರಿ, ಪ್ರಥಮ ಚಿಕಿತ್ಸೆ, ಸಿಪಿಆರ್, ಹೀಗೆ ಪಟ್ಟಿ ಹೋಗುತ್ತದೆ. ವಿಷಯ ಒಂದೇ ಆದರೂ ಎಷ್ಟು ಗಂಟೆ, ಯಾರ ಹತ್ತಿರ, ಆನ್‌ಲೈನೋ ಎದುರಿಗೋ ಎನ್ನುವುದನ್ನು ರಾಜ್ಯ ತೀರ್ಮಾನ ಮಾಡುತ್ತದೆ. ಗೊಂದಲ ಹುಟ್ಟುವುದು ಇಲ್ಲೇ. "ಇಡೀ ದೇಶದಲ್ಲಿ ಮಾನ್ಯ" ಎಂದು ಜಾಹೀರಾತು ಹಾಕಿಕೊಂಡ ಕೋರ್ಸ್ ನಿಮ್ಮ ರಾಜ್ಯದಲ್ಲಿ ಮಾನ್ಯ ಆಗಿರಬೇಕು ಅಂತೇನಿಲ್ಲ.

16 ಗಂಟೆಯ ಲೆಕ್ಕ

ಕ್ಯಾಲಿಫೋರ್ನಿಯಾ ಕೇಳುವುದು 16 ಗಂಟೆ. ಇದರಲ್ಲಿ ಮಕ್ಕಳ ಪ್ರಥಮ ಚಿಕಿತ್ಸೆಗೆ 4, ಮಕ್ಕಳ ಸಿಪಿಆರ್‌ಗೆ 4. ಉಳಿದ 8 ಗಂಟೆ ರೋಗ ಬಾರದಂತೆ, ಅಪಾಯ ಆಗದಂತೆ ನೋಡಿಕೊಳ್ಳುವ ತರಬೇತಿ. ಈ ಎಂಟರಲ್ಲೇ ಒಂದು ಗಂಟೆ ಪೌಷ್ಟಿಕ ಆಹಾರ, ಒಂದು ಗಂಟೆ ಸೀಸದ ವಿಷದ ಬಗ್ಗೆ.

ಈ ತರಬೇತಿಗಳಿಗೆ ಒಪ್ಪಿಗೆ ಕೊಡುವುದು ಲೈಸೆನ್ಸ್ ಕೊಡುವ ಇಲಾಖೆ ಅಲ್ಲ. ಅದು ರಾಜ್ಯದ ತುರ್ತು ವೈದ್ಯಕೀಯ ಸೇವೆಗಳ ಪ್ರಾಧಿಕಾರ. ಎಲ್ಲರೂ ಕರೆಯುವುದು 'ಎಮ್ಸಾ' ಎಂದು. ಎಮ್ಸಾ ತನ್ನ ಪಟ್ಟಿಯಲ್ಲಿ ಹಾಕಿಕೊಂಡ ತರಬೇತುದಾರರ ಸರ್ಟಿಫಿಕೇಟ್ ನಡೆಯುತ್ತದೆ. ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್‌ಗೆ ರೆಡ್ ಕ್ರಾಸ್, ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಮಕ್ಕಳ ಕೋರ್ಸ್ ಕೂಡ ಆಗುತ್ತದೆ. 'ಮಕ್ಕಳ' ಎಂಬ ಮಾತು ಮುಖ್ಯ. ಆಫೀಸಿನಲ್ಲಿ ಮಾಡಿಸಿದ ದೊಡ್ಡವರ ಸಿಪಿಆರ್ ಕಾರ್ಡ್ ಇಲ್ಲಿ ಲೆಕ್ಕಕ್ಕಿಲ್ಲ.

ಆ 8 ಗಂಟೆಯದನ್ನು ಒಮ್ಮೆ ಮುಗಿಸಿದರೆ ಆಯಿತು. ಪ್ರಥಮ ಚಿಕಿತ್ಸೆ, ಸಿಪಿಆರ್ ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. 8 ಗಂಟೆಯ ಪಾಠ ಎಲ್ಲಿ, ಹೇಗೆ ನಡೆಯುತ್ತದೆ, ಮನೆಯಿಂದ ಕೂತು ಮಾಡಬಹುದಾ ಎಂದು ಎಮ್ಸಾ ಪಟ್ಟಿಯಲ್ಲಿರುವ ಸಂಸ್ಥೆಗೇ ಫೋನ್ ಮಾಡಿ ಕೇಳಿ. ದುಡ್ಡು ಕಟ್ಟುವ ಮೊದಲು ಕೇಳಿ, ಆಮೇಲಲ್ಲ. ಸಿಪಿಆರ್‌ಗೆ ಪಾಠದ ಭಾಗವನ್ನು ಮನೆಯಲ್ಲಿ ನೋಡಿಕೊಂಡು, ಕೈ ಅಭ್ಯಾಸಕ್ಕೆ ಮಾತ್ರ ಹೋಗುವ ಅರ್ಧ ಆನ್‌ಲೈನ್ ಕೋರ್ಸುಗಳಿವೆ. ಪೂರ್ತಿ ಆನ್‌ಲೈನ್ ಅಂದರೆ ಮಾತ್ರ ನನ್ನ ಫ್ರಿಜ್ ಮೇಲಿನ ಕಾಗದದ ಗತಿಯೇ.

ಯಾಕೆ ಇಷ್ಟು ಹಟ ಅಂತ ನನಗೂ ಅನ್ನಿಸಿತ್ತು. ಬೊಂಬೆ ಮುಂದೆ ಕೂತ ಮೇಲೆ ಗೊತ್ತಾಯಿತು. ಕೂಸಿನ ಎದೆ ಸುಮಾರು 4 ಸೆಂಟಿಮೀಟರ್ ಒಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ. 30 ಸಲ ಒತ್ತಿ 2 ಸಲ ಉಸಿರು ಊದಬೇಕು. ಓದಿದರೆ ಏನೂ ಅಲ್ಲ. ನಾನು ಒತ್ತಿದಾಗ ಬೊಂಬೆಯಿಂದ ಕ್ಲಿಕ್ ಎನ್ನುವ ಶಬ್ದವೇ ಬರಲಿಲ್ಲ. ಅಂದರೆ ಒತ್ತಿದ್ದು ಸಾಲಲಿಲ್ಲ ಎಂದರ್ಥ. ಕೂಸಿಗೆ ನೋವಾದೀತು ಎಂದು ಕೈ ತಾನಾಗಿಯೇ ಹಿಂಜರಿಯುತ್ತದೆ. ಕಲಿಸುತ್ತಿದ್ದ ಹೆಂಗಸು ನನ್ನ ಕೈ ಮೇಲೆ ಕೈಯಿಟ್ಟು ಒತ್ತಿಸಿದರು. ಕ್ಲಿಕ್. ಎರಡು ನಿಮಿಷಕ್ಕೆ ತೋಳು ಬಿದ್ದುಹೋಯಿತು. ಇದನ್ನು ಯಾವ ವಿಡಿಯೋನೂ ಹೇಳಿಕೊಡುವುದಿಲ್ಲ ಬಿಡಿ.

ಅಮ್ಮನ ಸಾಸಿವೆ ದಿಂಬು

ಆನ್‌ಲೈನ್ ಕೋರ್ಸಿನಲ್ಲಿ 'ನೆಕ್ಸ್ಟ್, ನೆಕ್ಸ್ಟ್' ಒತ್ತಿ ಮುಗಿಸುವ ಆಸೆ ಎಲ್ಲರಿಗೂ ಆಗುತ್ತದೆ. ನಾವು ಮಕ್ಕಳನ್ನು ಹೆತ್ತು ಸಾಕಿದವರು, ಇವರೇನು ಹೇಳಿಕೊಡುತ್ತಾರೆ ಎಂಬ ಬಿಂಕ ಬೇರೆ. ಅದೇ ತಪ್ಪು. ನಮ್ಮ ಮನೆಯ ರೂಢಿಗೂ ಇಲ್ಲಿನ ನಿಯಮಕ್ಕೂ ನೇರವಾಗಿ ತಾಗುವ ಜಾಗಗಳೇ ಇದರಲ್ಲಿ ಜಾಸ್ತಿ.

ನನ್ನ ಮಗ ಹುಟ್ಟಿದಾಗ ಅಮ್ಮ ಹಾಸನದಿಂದ ಸಾಸಿವೆ ತುಂಬಿದ ಅಂಗೈ ಅಗಲದ ದಿಂಬು ಹೊಲಿದು ತಂದಿದ್ದರು. ತಲೆ ದುಂಡಗಾಗಲಿ ಅಂತ. ಜೊತೆಗೆ ಅಮ್ಮನ ಹಳೆಯ ಸೀರೆಯ ಮೆತ್ತನೆ ಬಟ್ಟೆ, ಬಿಗಿಯಾಗಿ ಸುತ್ತಲು. ಡೇಕೇರ್‌ನಲ್ಲಿ ಎರಡೂ ನಡೆಯುವುದಿಲ್ಲ. ವರ್ಷದೊಳಗಿನ ಕೂಸನ್ನು ಅಂಗಾತ ಮಲಗಿಸಬೇಕು. ಗಟ್ಟಿ ಹಾಸಿಗೆ, ಅದಕ್ಕೆ ಬಿಗಿಯಾಗಿ ಕೂರುವ ಹೊದಿಕೆ, ಅಷ್ಟೇ. ದಿಂಬು, ಕಂಬಳಿ, ಆಟಿಕೆ, ಸುತ್ತಿದ ಬಟ್ಟೆ ಏನೂ ಇರಬಾರದು. ಮಲಗಿದ ಕೂಸನ್ನು 15 ನಿಮಿಷಕ್ಕೊಮ್ಮೆ ಹೋಗಿ ನೋಡಿ, ನೋಡಿದ್ದನ್ನು ಬರೆದಿಡಬೇಕು. ನಿದ್ದೆಯಲ್ಲೇ ಕೂಸು ತೀರಿಕೊಳ್ಳುವ ಘಟನೆಗಳನ್ನು ತಡೆಯಲು ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸುವ ದೊಡ್ಡ ಪ್ರಚಾರ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಅಂಥ ಸಾವು ಹೆಚ್ಚೂಕಡಿಮೆ ಅರ್ಧಕ್ಕಿಳಿಯಿತು. ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಒಂದು ನಿಮಿಷ ಸುಮ್ಮನಿದ್ದು, "ಆ ದಿಂಬು ಬಿಸಾಡಬೇಡ, ಸೂಜಿ ಚುಚ್ಚಿಡೋಕ್ಕಾಗತ್ತೆ" ಎಂದರು.

ಸೀಸದ ಬಗ್ಗೆ ಇರುವ ಒಂದು ಗಂಟೆಯನ್ನೂ ನಮ್ಮವರು ಕಿವಿಗೊಟ್ಟು ಕೇಳಬೇಕು. 1978ಕ್ಕೆ ಮೊದಲು ಕಟ್ಟಿದ ಮನೆಯಾದರೆ ಗೋಡೆಯ ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮನೆಗಳಿಗೆ ಸೀಸದ ಬಣ್ಣ ಬಳಿಯುವುದು ನಿಷೇಧವಾಗಿದ್ದು ಆ ವರ್ಷ. ಅದು ಎಲ್ಲರಿಗೂ ಅನ್ವಯಿಸುವ ಮಾತು. ಆದರೆ ಅಂಗಡಿಯಿಂದ ತಂದ ಕಾಡಿಗೆ, ಸುರ್ಮಾ, ಕಲಬೆರಕೆ ಅರಿಶಿನ ಪುಡಿ, ಊರಿಂದ ತಂದ ಕೆಲವು ನಾಟಿ ಔಷಧಿಗಳಲ್ಲೂ ಸೀಸ ಸಿಕ್ಕಿದೆ. ದೃಷ್ಟಿ ಆಗದಿರಲಿ ಎಂದು ಕೆನ್ನೆಗೆ ಇಟ್ಟ ಬೊಟ್ಟನ್ನು ಮಗು ಉಜ್ಜಿ ಬಾಯಿಗೆ ಹಾಕಿಕೊಳ್ಳುತ್ತದೆ ಅಲ್ವಾ? ಹಾಗೇ ಜೇನು. ನಾಲಿಗೆಗೆ ಜೇನು ಸವರುವ ಪದ್ಧತಿ ನಮ್ಮಲ್ಲಿದೆ. ಒಂದು ವರ್ಷದೊಳಗಿನ ಕೂಸಿಗೆ ಇಲ್ಲಿ ಜೇನು ಪೂರ್ತಿ ಬೇಡ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ.

ಇನ್ನೊಂದು ತರಬೇತಿ ಉಂಟು, 16 ಗಂಟೆಯ ಹೊರಗಿನದು. ಮ್ಯಾಂಡೇಟೆಡ್ ರಿಪೋರ್ಟರ್ ತರಬೇತಿ. ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದಾರೆ ಎಂಬ ಅನುಮಾನ ಬಂದರೆ ಡೇಕೇರ್‌ನವರು ತಿಳಿಸಲೇಬೇಕು, ಅದು ಕಾನೂನು. 2018ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಈ ತರಬೇತಿ ಕಡ್ಡಾಯ. ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ರಾಜ್ಯವೇ ಇದನ್ನು ಆನ್‌ಲೈನಲ್ಲಿ ಬಿಟ್ಟಿಯಾಗಿ ಕೊಡುತ್ತದೆ. ಇದಕ್ಕೆ ದುಡ್ಡು ಕೇಳುವ ಸೈಟ್ ಕಂಡರೆ ಅಲ್ಲಿಂದ ಎದ್ದು ಬನ್ನಿ. ನಮ್ಮವರಿಗೆ ಇಲ್ಲಿ ಕಷ್ಟ ಆಗುವುದು ಪರೀಕ್ಷೆ ಅಲ್ಲ, ಮನಸ್ಸು. "ಬೇರೆಯವರ ಮನೆ ವಿಷಯ ನಮಗ್ಯಾಕೆ" ಎಂದು ಬೆಳೆದವರು ನಾವು. ಆ ಮಗುವಿನ ಅಪ್ಪ ಅಮ್ಮ ಕನ್ನಡ ಕೂಟದಲ್ಲಿ ಪಕ್ಕದಲ್ಲೇ ಕೂರುವವರಾದರೆ ಇನ್ನೂ ಕಷ್ಟ. ಕೋರ್ಸ್ ಹೇಳುವುದು ಇಷ್ಟು: ತನಿಖೆ ನಿಮ್ಮ ಕೆಲಸ ಅಲ್ಲ, ಸಾಕ್ಷಿ ಹುಡುಕುವುದೂ ಅಲ್ಲ. ಕಾರಣವಿರುವ ಅನುಮಾನ ಸಾಕು. ತಕ್ಷಣ ಫೋನ್, 36 ಗಂಟೆಯೊಳಗೆ ಬರಹದಲ್ಲಿ ವರದಿ.

ದುಡ್ಡು ಎಲ್ಲಿ ಉಳಿಯುತ್ತದೆ

ಮೊದಲು ಹೋಗಬೇಕಾದ್ದು ನಿಮ್ಮ ಕೌಂಟಿಯ ರಿಸೋರ್ಸ್ ಅಂಡ್ ರೆಫರಲ್ ಸಂಸ್ಥೆಗೆ. 'ಆರ್ ಅಂಡ್ ಆರ್' ಎಂದರೆ ಎಲ್ಲರಿಗೂ ಗೊತ್ತು. ಕ್ಯಾಲಿಫೋರ್ನಿಯಾದ ಪ್ರತಿ ಕೌಂಟಿಯಲ್ಲೂ ಇದೆ. ತಂದೆ ತಾಯಿಗೆ ಡೇಕೇರ್ ಹುಡುಕಿಕೊಡುವುದು ಅವರ ಒಂದು ಕೆಲಸವಾದರೆ, ಡೇಕೇರ್ ನಡೆಸುವವರಿಗೆ ನೆರವಾಗುವುದು ಇನ್ನೊಂದು. ಫ್ರೀಮಾಂಟ್, ಹೇವರ್ಡ್ ಕಡೆಗೆ ಫೋರ್ ಸೀಸ್, ಡಬ್ಲಿನ್, ಪ್ಲೆಸೆಂಟನ್ ಕಡೆಗೆ ಹೈವ್ಲಿ, ಓಕ್‌ಲ್ಯಾಂಡ್, ಬರ್ಕ್ಲಿಗೆ ಬನಾನಾಸ್. ಹೌದು, ಬಾಳೆಹಣ್ಣು ಅಂತಲೇ ಹೆಸರು. 1973ರಲ್ಲಿ ಒಂದಷ್ಟು ತಾಯಂದಿರು ಸೇರಿ ಕಟ್ಟಿದ್ದು. ಇಂಥ ಸಂಸ್ಥೆಗಳ ಮೂಲಕವೇ 1985ರಿಂದ ರಾಜ್ಯದಲ್ಲಿ ಹೊಸ ಮನೆ ಡೇಕೇರ್‌ಗಳನ್ನು ಬೆಳೆಸುವ ಒಂದು ಯೋಜನೆ ನಡೆಯುತ್ತಿದೆ. ತರಬೇತಿ ಕೊಡುವುದು, ಲೈಸೆನ್ಸ್ ಅರ್ಜಿ ತುಂಬಲು ಜೊತೆಗೆ ಕೂರುವುದು ಅದರಲ್ಲೇ ಸೇರಿದೆ. ಫೋನ್ ಮಾಡಿದಾಗ ಎರಡು ಪ್ರಶ್ನೆ ಕೇಳಿ. "8 ಗಂಟೆಯ ತರಬೇತಿಯನ್ನು ನೀವೇ ಕೊಡುತ್ತೀರಾ?" ಮತ್ತು "ನಾನು ಹೊರಗೆ ದುಡ್ಡು ಕೊಟ್ಟು ಮಾಡಿದರೆ ವಾಪಸ್ ಸಿಗುವ ದಾರಿ ಇದೆಯಾ?" ಅನುದಾನ ಇರುವ ಸಮಯ ಇರದ ಸಮಯ ಎಂದು ಇರುತ್ತದೆ, ಹಾಗಾಗಿ ಒಂದು ಸಲ ಇಲ್ಲ ಎಂದರೆ ಮೂರು ತಿಂಗಳು ಬಿಟ್ಟು ಮತ್ತೆ ಕೇಳಿ. ನಾಚಿಕೆ ಬೇಡ.

ಎರಡನೆಯದು ರಾಜ್ಯದ ದುಡ್ಡಿನಲ್ಲಿ ನಡೆಯುವ ಕ್ಯಾಲಿಫೋರ್ನಿಯಾ ಅರ್ಲಿ ಚೈಲ್ಡ್‌ಹುಡ್ ಆನ್‌ಲೈನ್. ಮಕ್ಕಳ ಬೆಳವಣಿಗೆ, ಕಲಿಕೆ, ನಡವಳಿಕೆ ಬಗ್ಗೆ ಒಳ್ಳೊಳ್ಳೆಯ ಪಾಠಗಳಿವೆ, ಪೂರ್ತಿ ಉಚಿತ, ಮಧ್ಯರಾತ್ರಿಯೂ ಮಾಡಬಹುದು. ಆದರೆ ಇದು 16 ಗಂಟೆಯ ಬದಲಿಗೆ ಅಲ್ಲ. ನನ್ನ ಗೆಳತಿಯೊಬ್ಬಳು ಇಲ್ಲಿ ಹತ್ತಾರು ಗಂಟೆ ಮಾಡಿ, ಸರ್ಟಿಫಿಕೇಟುಗಳ ಕಟ್ಟು ಹಿಡಿದು ಕೂತಿದ್ದಳು. ಎಲ್ಲಾ ಒಳ್ಳೆಯ ಕಲಿಕೆ, ಒಂದೂ ಲೈಸೆನ್ಸ್‌ಗೆ ಆಗಿಬರಲಿಲ್ಲ.

ಸಿಪಿಆರ್ ಒಂದಕ್ಕೆ ಕೈಯಿಂದ ಹೋಗುವುದು ತಪ್ಪುವುದಿಲ್ಲ, ಅದನ್ನು ಕಡಿಮೆ ಮಾಡುವ ದಾರಿ ಇದೆ. ಕಳೆದ ಸಲ ನಾವು ಆರು ಜನ ಸೇರಿ ಎಮ್ಸಾ ಪಟ್ಟಿಯಲ್ಲಿರುವ ತರಬೇತುದಾರರನ್ನು ಒಂದು ಶನಿವಾರ ಮನೆಗೇ ಕರೆಸಿದೆವು. ತಲೆಗೆ ಬಿದ್ದ ದುಡ್ಡು ಹೊರಗಿನ ಕ್ಲಾಸಿಗಿಂತ ಕಡಿಮೆ. ಮಧ್ಯಾಹ್ನ ಬಿಸಿಬೇಳೆಬಾತ್ ನನ್ನ ಖರ್ಚು. ಹಾಲ್ ತುಂಬ ಬೊಂಬೆ ಕೂಸುಗಳನ್ನು ಸಾಲಾಗಿ ಮಲಗಿಸಿದ್ದು ನೋಡಿ ನನ್ನ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು.

ಲೈಸೆನ್ಸ್ ಸಿಕ್ಕ ಮೇಲೆ ಕೇಂದ್ರ ಸರ್ಕಾರದ ಆಹಾರ ಕಾರ್ಯಕ್ರಮಕ್ಕೆ ಸೇರಬಹುದು. ಮಕ್ಕಳಿಗೆ ಕೊಡುವ ಊಟ ತಿಂಡಿಗೆ ಅಷ್ಟಿಷ್ಟು ಹಣ ವಾಪಸ್ ಬರುತ್ತದೆ, ಊಟದ ಬಗ್ಗೆ ತರಬೇತಿಯನ್ನೂ ಅವರೇ ಕೊಡುತ್ತಾರೆ. ತರಬೇತಿಗೆ ಕೊಟ್ಟ ದುಡ್ಡಿನ ರಸೀದಿಗಳನ್ನು ಒಂದು ಡಬ್ಬಿಗೆ ಹಾಕಿಡಿ. ತೆರಿಗೆ ಕಟ್ಟುವಾಗ ವ್ಯಾಪಾರದ ಖರ್ಚು ಎಂದು ತೋರಿಸಲು ಬೇಕಾಗುತ್ತದೆ.

ಎಡವುವ ಜಾಗ ಇನ್ನೂ ಒಂದೆರಡಿವೆ. ತಿಂಗಳಿಗಿಷ್ಟು ಎಂದು ಕಟ್ಟಿಸಿಕೊಳ್ಳುವ ಕೋರ್ಸ್ ಸೈಟುಗಳು ನಿಮ್ಮ ಕಾರ್ಡಿನಿಂದ ತಾವಾಗಿಯೇ ಎಳೆಯುತ್ತಲೇ ಇರುತ್ತವೆ, ಕೆಲಸ ಮುಗಿದ ದಿನವೇ ನಿಲ್ಲಿಸಿ. ಮತ್ತೆ ಹೆಸರು. ನಮ್ಮಲ್ಲಿ ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ಲಿನಲ್ಲಿ ಕೂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಬಂದಿರುತ್ತದೆ. ಕೋರ್ಸಿಗೆ ಸೇರುವಾಗ ಕರೆಯುವ ಹೆಸರು ಹಾಕಿ, ಅರ್ಜಿಯಲ್ಲಿ ಪಾಸ್‌ಪೋರ್ಟ್ ಹೆಸರು ಹಾಕಿದರೆ ಎರಡೂ ಒಬ್ಬರದೇ ಎಂದು ನಂಬಿಸಲು ವಾರಗಟ್ಟಲೆ ಬೇಕು. ಎಲ್ಲ ಕಡೆ ಒಂದೇ ಹೆಸರು, ಒಂದೇ ಸ್ಪೆಲ್ಲಿಂಗ್ ಇರಲಿ.

ಬೆರಳಚ್ಚು, ಕ್ಷಯದ ಪರೀಕ್ಷೆ, ದಡಾರ ಮತ್ತು ನಾಯಿಕೆಮ್ಮಿನ ಲಸಿಕೆ, ಇವು ತರಬೇತಿಯಲ್ಲ, ಆದರೆ ಅರ್ಜಿಗೆ ಬೇಕು. ಮನೆಯಲ್ಲಿ ವಾಸವಿರುವ 18 ದಾಟಿದ ಎಲ್ಲರ ಬೆರಳಚ್ಚೂ ಬೇಕು. ಊರಿಂದ ಅತ್ತೆ ಮಾವ ಬಂದು ಆರು ತಿಂಗಳು ಇರುತ್ತಾರೆ ಎಂದಾದರೆ ಟಿಕೆಟ್ ಮಾಡಿಸುವಾಗಲೇ ಲೈಸೆನ್ಸ್ ಕಚೇರಿಯನ್ನು ಕೇಳಿ.

ಬೇರೆ ರಾಜ್ಯದವರಿಗೆ ಎರಡು ಮಾತು. ಕ್ಯಾಲಿಫೋರ್ನಿಯಾದಲ್ಲಿ ಮನೆ ಡೇಕೇರ್‌ಗೆ ವರ್ಷ ವರ್ಷ ಇಷ್ಟು ಗಂಟೆ ಎಂಬ ಲೆಕ್ಕ ಇಲ್ಲ, ಹಾಗಾಗಿ ಇಲ್ಲಿ ಆರಂಭದ ಖರ್ಚೇ ದೊಡ್ಡದು. ಟೆಕ್ಸಸ್‌ನಲ್ಲಿ ನೋಂದಾಯಿತ ಮನೆ ಡೇಕೇರ್ ನಡೆಸುವವರಿಗೆ ವರ್ಷಕ್ಕೆ 30 ಗಂಟೆ, ಅದರಲ್ಲಿ ಒಂದು ಪಾಲು ಪಾಠ ಹೇಳುವವರ ಜೊತೆಗೇ ಆಗಬೇಕು. ಡಲ್ಲಾಸ್ ಕಡೆಯವರು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಅಗ್ರಿಲೈಫ್ ವಿಸ್ತರಣಾ ವಿಭಾಗ ನೋಡಿ. ಕೃಷಿ ವಿಭಾಗಕ್ಕೂ ಡೇಕೇರಿಗೂ ಏನು ಸಂಬಂಧ ಎನ್ನಬೇಡಿ, ಅವರ ಆನ್‌ಲೈನ್ ಪಾಠಗಳಲ್ಲಿ ಉಚಿತದವೂ ಇವೆ, ಸ್ವಲ್ಪ ದುಡ್ಡಿನವೂ ಇವೆ. ನ್ಯೂಯಾರ್ಕ್‌ನಲ್ಲಿ ಎರಡು ವರ್ಷಕ್ಕೆ 30 ಗಂಟೆ. ಅಲ್ಲಿನ ರಾಜ್ಯ ಸರ್ಕಾರದ್ದೇ ಉಚಿತ ಆನ್‌ಲೈನ್ ಪಾಠಗಳಿವೆ. ಇನ್ನು ಸಿಡಿಎ ಎಂಬ ಪ್ರಮಾಣಪತ್ರದ ಹೆಸರು ಎಲ್ಲ ಕಡೆ ಕೇಳುತ್ತೀರಿ. 120 ಗಂಟೆಯ ಪಾಠ, 480 ಗಂಟೆ ಮಕ್ಕಳ ಜೊತೆ ಕೆಲಸ. ಚೆನ್ನಾಗಿದೆ, ಆದರೆ ಕ್ಯಾಲಿಫೋರ್ನಿಯಾದಲ್ಲಿ ಮನೆ ಡೇಕೇರ್ ಲೈಸೆನ್ಸ್‌ಗೆ ಅದು ಬೇಡ. ಮೊದಲ ವರ್ಷವೇ ಅದಕ್ಕೆ ದುಡ್ಡು ಹಾಕಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಫ್ರಿಜ್ ಮೇಲೆ ಈಗ ನನ್ನ ಸಿಪಿಆರ್ ಕಾರ್ಡಿನ ಜೆರಾಕ್ಸ್ ಇದೆ. ಮುಗಿಯುವ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಅದಕ್ಕೆ ಎರಡು ತಿಂಗಳ ಹಿಂದಿನ ತಾರೀಕನ್ನು ಪಕ್ಕದಲ್ಲಿ ಬರೆದಿದ್ದೇನೆ. ಆ ಶನಿವಾರಕ್ಕೆ ಇಲ್ಲಿಯವರೆಗೆ ನಾಲ್ಕು ಜನ ಆಗಿದ್ದೇವೆ, ಇನ್ನಿಬ್ಬರು ಬೇಕು.